ವಯಸ್ಸಿನ ಖಾನೆ

ಹೆಸರು ಹೇಳುವುದಿಲ್ಲ.
ಕಾಯ್ದೆ ಅದನ್ನೂ ಬೇಡ ಎನ್ನುತ್ತದೆ.
ಗುಳೇದಗುಡ್ಡದ ಒಂದು ಓಣಿ ಎಂದರೆ ಸಾಕು,
ನಸುಕಿನ ಮೂರಕ್ಕೂ
ಯಾರದೋ ಲಾಳಿ ಓಡುತ್ತಲೇ ಇತ್ತು.

ರಾಜೇಸಾಬ ಗಾಡಿಯನ್ನು ಹಿಂದಕ್ಕೆ ತಂದ,
ಬಚ್ಚಲಗಲ್ಲು, ಕಟ್ಟಿದ ಆಡು, ಮುಂದೆ ದಾರಿಯಿಲ್ಲ.
ಸ್ಟ್ರೆಚರು ಹಿಡಿಸಲಿಲ್ಲ, ಕೈಯಲ್ಲೇ ಎತ್ತಿ ತಂದೆವು.
ಎತ್ತಿದಾಗಲೇ ತಿಳಿಯಿತು.
ಎರಡು ಜೀವಕ್ಕೆ ಇಷ್ಟೇ ತೂಕವೆ?
ಬಿಪಿ ಪಟ್ಟಿ ತೋಳಿಗೆ ಸುತ್ತಿದೆ,
ಸುತ್ತಿ ಇನ್ನೂ ಉಳಿಯಿತು.

ಕೇಳುವ ಮೊದಲೇ ಅತ್ತೆ ಹೇಳಿದಳು,
'ಹತ್ತೊಂಬತ್ತ ಬರಿ ತಂಗಿ.'
ಕೇಳದೆ ಬಂದ ಉತ್ತರಕ್ಕೆ ಒಂದು ವಾಸನೆ ಇರುತ್ತದೆ.
ಈ ಗಾಡಿಯಲ್ಲಿ ಒಂಬತ್ತು ವರ್ಷ, ನನಗೆ ಗೊತ್ತು,
ಮೆಟ್ಟಿಲ ಮೇಲಿಂದ ಬಿದ್ದೆವೆನ್ನುವವರೆಲ್ಲ
ಮೆಟ್ಟಿಲೇ ಇಲ್ಲದ ಮನೆಯವರು.
ತಾಯಿ ಕಾರ್ಡು ಕೇಳಿದೆ. 'ಮರತ ಬಂದೀವಿ.'
ಆಧಾರ್? 'ಅದೂ.'

ಗುಡ್ಡ ಇಳಿಯುವಾಗ ಬ್ಯಾನಿ ತುಸು ಸಡಿಲಾಗಿ
ಹುಡುಗಿ ಕಣ್ಣು ತೆರೆದಳು.
'ಅಕ್ಕಾರ, ಎರಡರ ನಡುವ ಐದ ನಿಮಿಷ ಇತ್ತು,
ಈಗ ಮೂರು. ಲೆಕ್ಕ ಬರೋಬರಿ ಐತಿಲ್ಲರಿ?'
ಎಣಿಸಾಕ ಯಾರು ಹೇಳಿದರು, ಎಂದೆ.
'ಯಾರೂ ಇಲ್ಲರಿ. ಒಂಬತ್ನೇತ್ತ್ಯಾಗ
ಲೆಕ್ಕದಾಗ ನಾನಽ ಫಸ್ಟ ಇದ್ನಿ. ಹೋದ ವರ್ಷ.'

ಹೋದ ವರ್ಷ.
ಅತ್ತೆ ಕಿಟಕಿಯ ಹೊರಗೆ ನೋಡಿದಳು.
ಹೊರಗೆ ಏನೂ ಕಾಣುತ್ತಿರಲಿಲ್ಲ.

ಗಂಡ ಮುಂದೆ, ರಾಜೇಸಾಬನ ಪಕ್ಕ.
ನಾನು ಗಾಜಿನಾಚೆ ಒಬ್ಬ ರಾಕ್ಷಸನನ್ನು ಹುಡುಕಿದೆ, ನಿಜ ಹೇಳುತ್ತೇನೆ.
ಸಿಕ್ಕಿದ್ದು ಮೀಸೆ ಸರಿಯಾಗಿ ಬಲಿಯದ ತುಟಿ,
ನೂಲಿಗೆ ಬಣ್ಣ ಹಾಕಿ ಹಾಕಿ
ಮಣಿಕಟ್ಟಿನವರೆಗೆ ಕೆಂಪಾದ ಕೈ.
'ಏನೂ ಆಗಂಗಿಲ್ಲಲ್ರಿ?'
ಆರನೇ ಸಲ ಕೇಳುತ್ತಿದ್ದ.

ತರಬೇತಿಯಲ್ಲಿ ಹೇಳಿದ್ದು ಇಷ್ಟೇ:
ಹದಿನೆಂಟರ ಒಳಗೆ ಎಂಬ ಅನುಮಾನ ಬಂದರೆ ಸಾಕು, ತಿಳಿಸಿ.
ತಿಳಿಸದಿದ್ದರೆ ಅಪರಾಧ ನಿಮ್ಮದೂ.
ಸಾಬೀತು ಮಾಡುವುದು ನಿಮ್ಮ ಕೆಲಸವಲ್ಲ.
ಸರಿಯಾದ ಮಾತು. ಎಷ್ಟು ಸಲ ನೆನೆದರೂ ಸರಿಯಾಗಿಯೇ ಇದೆ.
ಓಡುವ ಗಾಡಿಯಲ್ಲಿ ಮುದುಕಿಯೊಬ್ಬಳು
ಆಮ್ಲಜನಕದ ಸಿಲಿಂಡರು ಹಿಡಿದುಕೊಂಡು ಬಗ್ಗಿ
ಕಾಲು ಮುಟ್ಟಲು ಬಂದರೆ
ಎಲ್ಲಿ ನೋಡಬೇಕೆಂದು ಮಾತ್ರ
ಅದರಲ್ಲಿ ಇರಲಿಲ್ಲ.

ನನ್ನವ್ವ ನನ್ನ ಹೆತ್ತಾಗ ಅವಳಿಗೂ ಹದಿನಾರು.
ಯಾರೂ ಬರೆದುಕೊಳ್ಳಲಿಲ್ಲ,
ಸೂಲಗಿತ್ತಿಗೆ ಅಕ್ಷರ ಬರುತ್ತಿರಲಿಲ್ಲ.
ಬರೆದಿದ್ದರೆ ಅಪ್ಪ ಜೈಲಿಗೆ, ನಾನು ಎಲ್ಲಿಗೋ.
ಬರೆಯದ್ದಕ್ಕೆ ಅವ್ವ
ಇಪ್ಪತ್ತರೊಳಗೆ ಮೂರು ಹೆತ್ತು
ನಾಲ್ಕನೆಯದಕ್ಕೆ ಏಳಲೇ ಇಲ್ಲ.
ಲೆಕ್ಕದಲ್ಲಿ ನಾನು ಎಂದೂ ಫಸ್ಟ್ ಬಂದವಳಲ್ಲ.

ನವನಗರದ ದೀಪ ಕಂಡವು.
ಇಲ್ಲಿ ಎಲ್ಲಕ್ಕೂ ಸಂಖ್ಯೆ, ಸೆಕ್ಟರಿಗೆ, ಮನೆಗೆ.
ಹಳೆ ಊರಿನ ಓಣಿಗಳ ಹೆಸರು ಹಿನ್ನೀರಿನಲ್ಲಿ ಉಳಿದು
ಸಂಖ್ಯೆಯಷ್ಟೇ ದಡ ಹತ್ತಿ ಬಂದಂತೆ.
ಪೆನ್ನು ಮೊದಲು ಹೊಳಲಿಲ್ಲ, ಕೊಡವಿದೆ.
ವಯಸ್ಸು: ೧೬. ಪಕ್ಕದಲ್ಲಿ ಸಣ್ಣಗೆ, ಅಂದಾಜು.

ಡ್ಯೂಟಿ ಡಾಕ್ಟರು ಓದಿ, ನನ್ನ ಮುಖ ನೋಡಿ,
ಏನೂ ಕೇಳದೆ ಎಂಎಲ್‌ಸಿ ಪುಸ್ತಕ ಎಳೆದುಕೊಂಡರು.
ಹೊರಠಾಣೆಯ ಪೇದೆ ಹಲ್ಲುಜ್ಜುತ್ತ ಬಂದ.

ಹೆಣ್ಣು. ಎರಡು ಕಿಲೋ ನೂರು. ಅತ್ತಿತು.
ಅತ್ತೆ ನನ್ನ ಹತ್ತಿರ ಬಂದು ಒಂದೇ ಮಾತು:
'ನೀನೂ ಹೆಣ್ಣಽ ಅಲ್ಲೇನ?'
ಹೌದವ್ವ, ಅದಕ್ಕಽ, ಎನ್ನಬೇಕಿತ್ತು.
ಸ್ಟ್ರೆಚರು ತೊಳೆಯುವುದಿತ್ತು. ಹೋದೆ.

ಏಳು ತಿಂಗಳಾಯಿತು.
ಆ ಓಣಿಯಿಂದ ಆಮೇಲೆ ಕರೆ ಬಂದಿಲ್ಲ.
ಯಾರಿಗೂ ಬ್ಯಾನಿ ಬಂದಿಲ್ಲವೋ,
ಬಂದರೂ ಬಾಗಿಲು ಹಾಕಿ
ಮಗ್ಗದ ಸದ್ದು ಏರಿಸುತ್ತಾರೋ.
ಆ ಕಡೆ ಹಾದಾಗ ರಾಜೇಸಾಬ
ಹೇಳದೆಯೇ ಗಾಡಿ ನಿಧಾನ ಮಾಡುತ್ತಾನೆ.
ನಾನು ಗಾಜು ಇಳಿಸುತ್ತೇನೆ.
ಲಾಳಿ ಆ ಕಡೆ, ಲಾಳಿ ಈ ಕಡೆ,
ಎರಡರ ನಡುವೆ ಎಷ್ಟು ಹೊತ್ತು ಎಂದು
ಎಣಿಸುತ್ತೇನೆ.